ಅಣಬೆ ಕೆರೆದರೆ ಮರ ಗಟ್ಟಿಯಾಗುತ್ತದೆಯೇ?

ಮಾನ್ಯ ವೃಕ್ಷಾಧಿಕಾರಿಗಳೇ,

ರೋಗ ಹಿಡಿದ ಮರವನ್ನು ಬೀಳುವವರೆಗೆ ಬಿಟ್ಟಿರಿ. ಈಗ ಬೀದಿಯಲ್ಲಿ ಉಳಿದ ಹನ್ನೊಂದು ಮರಗಳಿಗೂ ಕಡಿಯುವ ಗುರುತು ಹಾಕಿಸಿದ್ದೀರಿ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಂಬ ಗಾದೆಯನ್ನು ಸರ್ಕಾರಿ ಆದೇಶದ ರೂಪದಲ್ಲಿ ಓದುವ ಭಾಗ್ಯ ನಮ್ಮದಾಗಿದೆ. ನಾನಿದನ್ನು ಒಪ್ಪುವುದಿಲ್ಲ.

ನಾನು ಮೂವತ್ತೆಂಟು ವರ್ಷ ಬಡಗಿ ಕೆಲಸ ಮಾಡಿದವನು. ನನ್ನ ಅಕ್ಕ ಬೀದಿಯ ತಿರುವಿನಲ್ಲಿ, ಅಗಲ ಎಲೆಗಳ ದೊಡ್ಡ ಮರವೊಂದರ ಕೆಳಗೆ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಳು. ಹೋದ ವರ್ಷ ಅದರ ಬುಡದಲ್ಲಿ ಅಣಬೆ ಕಂಡೆ. ಸಾರಿಗೆ ಹಾಕುವಂಥದ್ದಲ್ಲ; ಗೋಡೆಗೆ ಬಡಿದ ಹಲಗೆಯಂತೆ ಕಾಂಡದಿಂದ ಚಾಚಿಕೊಂಡಿದ್ದ, ಉಗುರು ನಾಟದಷ್ಟು ಗಟ್ಟಿಯಾದ ಅಣಬೆ. ಕೊಡತಿಯಿಂದ ಬಡಿದರೆ ಮರ ಖಾಲಿ ಡಬ್ಬದಂತೆ ಸದ್ದು ಮಾಡಿತು.

"ಅಕ್ಕಾ, ಒಳಗೆಲ್ಲ ಟೊಳ್ಳು. ಮೆಷಿನ್ ಎತ್ತು" ಎಂದೆ.

"ಮೇಲೆ ನೋಡೋ, ಎಷ್ಟು ಹಸಿರಾಗಿದೆ! ನಿಂಗೆ ಕಂಡಿದ್ದೆಲ್ಲ ಹುಳುಕೇ" ಎಂದು ನಕ್ಕಳು.

ಅವಳು ನಂಬಲಿಲ್ಲ, ಸರಿ. ಅವಳ ಕಸುಬು ಬಟ್ಟೆ. ನಿಮ್ಮ ಕಸುಬು ಮರವಲ್ಲವೇ? ಮೂರು ಅರ್ಜಿ ಕೊಟ್ಟೆ. ಮೂರನೆಯದಕ್ಕೆ ನಿಮ್ಮ ಸಿಬ್ಬಂದಿ ಬಂದು ಅಣಬೆ ಕೆರೆದು, ಸುಣ್ಣ ಬಳಿದು, ಫೋಟೋ ತೆಗೆದರು. ಮರದೊಳಗಿನದಕ್ಕೆ ಏನು ಮಾಡುತ್ತೀರಿ ಎಂದು ಕೇಳಿದೆ. "ಅರ್ಜೀಲಿ ಅಣಬೆ ಅಂತ ಬರ್ದಿದ್ರಿ, ತೆಗ್ದಿದೀವಿ. ಒಳಗಿಂದಕ್ಕೆ ಬೇರೆ ಅರ್ಜಿ ಕೊಡಿ" ಎಂದರು. ಮಾನ್ಯರೇ, ಹೊರಗೆ ಕಾಣುವ ಅಣಬೆ ಬರೀ ಕಾಯಿ. ಮರವನ್ನು ತಿನ್ನುವುದು ಒಳಗೆ ನೂಲುನೂಲಾಗಿ ಹಬ್ಬಿದ ಅದರ ಒಡಲು. ಕಾಯಿ ಕಿತ್ತರೆ ಗಿಡ ಸಾಯುತ್ತದೆಂದು ನಿಮಗೆ ಯಾರು ಹೇಳಿಕೊಟ್ಟರು?

ನಾಲ್ಕು ತಿಂಗಳ ಮೇಲೆ, ಎಲೆಯೂ ಅಲುಗದ ಒಂದು ಮಧ್ಯಾಹ್ನ, ಮರ ಬುಡ ಮುರಿದು ಬಿತ್ತು. ಮೆಷಿನ್ ಅಡ್ಡ ಬಂದು ಅಕ್ಕನ ಜೀವ ಉಳಿಯಿತು. ಬಲಗೈ ಬೆರಳುಗಳು ಉಳಿಯಲಿಲ್ಲ. ಅವಳು ಆಸ್ಪತ್ರೆಯಲ್ಲಿದ್ದಾಗಲೇ ನಿಮ್ಮ ನೋಟಿಸು ಬಂತು: ಅಪಾಯಕಾರಿ ಮರದ ಕೆಳಗೆ ಅನುಮತಿಯಿಲ್ಲದೆ ಕುಳಿತದ್ದೇಕೆ? ಅದು ಅಪಾಯಕಾರಿ ಎಂದು ನಿಮ್ಮ ಕಚೇರಿ ಬರೆದದ್ದು ಅದೇ ಮೊದಲು!

ಉಳಿದ ಹನ್ನೊಂದನ್ನೂ ನಾನು ಬಡಿದು ನೋಡಿದ್ದೇನೆ. ಅಣಬೆ ಇರುವುದು ಒಂದಕ್ಕೆ. ಅದನ್ನು ಕಡಿಯಿರಿ, ಹಗ್ಗ ನಾನೇ ಹಿಡಿಯುತ್ತೇನೆ. ನಿನ್ನೆ ಗರಗಸದವರು ಬಂದಾಗ ಅಕ್ಕ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಗುರುತು ಹಾಕಿದ ಒಂದು ಗಟ್ಟಿ ಮರಕ್ಕೆ ಒರಗಿ ಕುಳಿತಳು.

"ಅಮ್ಮಾ, ಏಳಿ. ಆರ್ಡರ್ ಆಗಿದೆ."

"ರೋಗ ಎಲ್ಲಿದೆ ತೋರ್ಸಪ್ಪ, ಈಗ್ಲೇ ಏಳ್ತೀನಿ. ಮರದ ಕೆಳಗೆ ಸಿಕ್ಕಿಬಿದ್ದವಳು ನಾನು. ನಂಗೇ ಇದರ ಮೇಲೆ ಸಿಟ್ಟಿಲ್ಲ, ನಿಮ್ ಸಾಹೇಬರಿಗ್ಯಾಕೆ?"

ಗರಗಸ ಹಿಡಿದಿದ್ದಾತ ಮರವನ್ನೊಂದು ಸುತ್ತು ಹಾಕಿ ನೋಡಿದ. ಗರಗಸವನ್ನು ಲಾರಿಗೆ ಹಾಕಿಕೊಂಡು ಹೋದ.

ಅಕ್ಕನಿಗೆ ಕೊಟ್ಟ ನೋಟಿಸನ್ನು ಹಿಂಪಡೆಯಿರಿ. ಮರ ಬಲ್ಲವರೊಬ್ಬರನ್ನು ಕರೆದುಕೊಂಡು ನೀವೇ ಬನ್ನಿ. ಒಂದೊಂದು ಮರವನ್ನೂ ಪರೀಕ್ಷಿಸಿ, ಕಂಡದ್ದನ್ನು ಬರೆದು, ಕೆಳಗೆ ಸಹಿ ಹಾಕಿ. ಅಲ್ಲಿಯವರೆಗೆ ಅಕ್ಕನೂ ನಾನೂ ಮರದ ಬುಡದಿಂದ ಏಳುವುದಿಲ್ಲ.

ಇಂತಿ,
ಅರ್ಜಿ ಬರೆದೂ ಬರೆದೂ ಉಳಿ ಹಿಡಿಯುವುದನ್ನೇ ಮರೆಯುತ್ತಿರುವ ಒಬ್ಬ ಬಡಗಿ