ಮೀಟರ್ ಅಕ್ಕನ ರಜೆ

ಸೆಪ್ಟೆಂಬರ್ 14, ಬೆಳಿಗ್ಗೆ

ಇವತ್ತೂ ಕ್ಲಾಸಿಗೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ದೇನೆ. ಮುಂದಿನ ಬೆಂಚು. ಸುತ್ತ ಹತ್ತೊಂಬತ್ತರ ಮಕ್ಕಳು, ನಡುವೆ ನಲವತ್ತೆರಡರ ನಾನು. ಮೊದಲ ದಿನ ಪಕ್ಕದ ಹುಡುಗಿ "ಆಂಟಿ, ನೀವು ಇನ್‌ಸ್ಪೆಕ್ಷನ್‌ಗೆ ಬಂದಿದೀರಾ?" ಅಂದಳು. ಆಂಟಿ! ಅಷ್ಟು ವರ್ಷ ಸುದ್ದಿಮನೆಯಲ್ಲಿ ಬೆವರು ಸುರಿಸಿದ್ದಕ್ಕೆ ಸಿಕ್ಕ ಬಿರುದು.

ಈಗ ನಗರಗಳ ಇತಿಹಾಸ. ಮಧ್ಯಾಹ್ನ ಲೈಬ್ರರಿ. ಸಂಜೆ ಖಾಲಿ. ಈ ಖಾಲಿ ಸಂಜೆ ಇನ್ನೂ ರೂಢಿಯಾಗಿಲ್ಲ. ಹೊತ್ತು ಇಳಿಯುತ್ತಿದ್ದಂತೆ ಕೈ ತಾನಾಗಿ ಫೋನಿಗೆ ಹೋಗುತ್ತದೆ. ಡೆಸ್ಕಿನಿಂದ ಯಾರಾದರೂ "ಎಲ್ರೀ ಸುದ್ದಿ ಕಾಪಿ?" ಅಂತ ಕಿರುಚಬೇಕು. ಯಾರೂ ಕಿರುಚುವುದಿಲ್ಲ.

ಪತ್ರಕರ್ತರಿಗೆ ಒಂದು ವರ್ಷ ಯೂನಿವರ್ಸಿಟಿಯಲ್ಲಿ ಓದಲು ಕೊಡುವ ಈ ಫೆಲೋಶಿಪ್‌ಗೆ ಎರಡೇ ನಿಯಮ. ವರ್ಷವಿಡೀ ಎಲ್ಲಿಯೂ ಒಂದು ಸಾಲು ಪ್ರಕಟಿಸುವಂತಿಲ್ಲ — ಪ್ರಕಟಿಸಿದರೆ ಗಂಟುಮೂಟೆ ಕಟ್ಟಬೇಕು. ಇನ್ನೊಂದು, ಗುರುವಾರದ ಗೋಷ್ಠಿಗೆ ಬರುವ ಅತಿಥಿಗಳು ಆಡಿದ ಮಾತು ಆ ಕೊಠಡಿಯ ಬಾಗಿಲು ದಾಟಬಾರದು. ಅದಕ್ಕೇ ಎಂತೆಂಥವರೋ ಬಂದು ಮನಸ್ಸು ಬಿಚ್ಚುತ್ತಾರೆ. ಹನ್ನೆರಡು ಮಂದಿ ಪತ್ರಕರ್ತರು, ಒಬ್ಬರ ಕೈಯಲ್ಲೂ ಪೆನ್ನಿಲ್ಲ. ಹಲ್ಲು ಕಿತ್ತ ಹುಲಿಗಳ ಬೋನು ಅಂತ ರೇಡಿಯೊ ತಮಾಷೆ ಮಾಡುತ್ತಾನೆ. (ರೇಡಿಯೊ — ನಮ್ಮ ಬ್ಯಾಚಿನವನು. ಸಕ್ಕರೆ ಕೇಳಿದರೂ ವಾರ್ತೆ ಓದಿದ ಹಾಗಿರುತ್ತದೆ.)

ಅಮ್ಮನ ಫೋನ್. ಬೀದಿಗೆಲ್ಲ ಹೇಳಿ ಮುಗಿಸಿದ್ದಾಳೆ. "ಎದುರು ಮನೆಯವ್ರು ಕೇಳಿದ್ರು ಕಣೇ, ಈ ವಯಸ್ಸಲ್ಲಿ ಕಾಲೇಜಾ, ಫೇಲಾಗಿದ್ಲಾ ಅಂತ. ನಾನು ಬಿಡ್ತೀನಾ? ನಾನ್ನೂರು ಜನದಲ್ಲಿ ಆರಿಸಿದಾರೆ ಅಂದೆ. ಬಾಯಿ ಮುಚ್ಕೊಂಡ್ರು."

ಸುಳ್ಳೇಕೆ, ಕೇಳಿ ನನಗೂ ಒಳಗೊಳಗೇ ಖುಷಿ.


ಸೆಪ್ಟೆಂಬರ್ 22

ದರ್ಜಿಯಮ್ಮ ಫೋನ್ ಮಾಡಿದ್ದರು. ಹಿಂದೆ ಹೊಲಿಗೆ ಯಂತ್ರದ ಸದ್ದು.

"ಮೀಟರ್ ಅಕ್ಕಾ, ನಮ್ ಲಿಫ್ಟ್ ವಿಷ್ಯ ಪೇಪರಲ್ಲಿ ಬಂತಾ? ದಿನಾ ನೋಡ್ತಿದೀನಿ."

ಅವರ ವಸತಿ ಕಟ್ಟಡದ ಮೆಟ್ಟಿಲ ಮೇಲೆ ಈ ಬೇಸಿಗೆಯೆಲ್ಲ ಕೂತಿದ್ದೆ. ಮೊದಮೊದಲು ಕರೆಂಟ್ ಮೀಟರ್ ನೋಡಲು ಬಂದವಳು ಅಂದುಕೊಂಡಿದ್ದರು. ಹೆಸರು ಹಾಗೇ ಉಳಿಯಿತು. ಅಲ್ಲಿನ ಲಿಫ್ಟ್‌ಗೆ ಒಂದು ರೋಗ — ಬಾಗಿಲು ತೆರೆಯುತ್ತದೆ, ಪೆಟ್ಟಿಗೆ ಬಂದಿರುವುದಿಲ್ಲ. ದರ್ಜಿಯಮ್ಮನ ಅತ್ತೆ ಹಾಗೇ ಕಾಲಿಟ್ಟು, ಒಂದು ಮಹಡಿ ಕೆಳಗೆ ನಿಂತಿದ್ದ ಪೆಟ್ಟಿಗೆಯ ಮೇಲೆ ಬಿದ್ದರು. ಇವತ್ತಿಗೂ ಹಾಸಿಗೆಯಲ್ಲಿದ್ದಾರೆ. ನೀವೇ ಸರಿಯಾಗಿ ಬಳಸಿಲ್ಲ ಅಂದಿತು ಕಂಪನಿ. ಅದೇ ಕಂಪನಿಯ ಲಿಫ್ಟ್‌ಗಳು ಊರಿನ ಎಷ್ಟು ಕಟ್ಟಡಗಳಲ್ಲಿವೆಯೋ. ಮೆಕ್ಯಾನಿಕ್‌ಗಳ ಮಾತು, ಆಸ್ಪತ್ರೆಯ ಕಾಗದ, ಎಲ್ಲ ಕೂಡಿಸಿದ್ದೆ. ಕಂಪನಿಗೆ ಪ್ರಶ್ನೆಗಳನ್ನೂ ಕಳಿಸಿದ್ದೆ. ಬರೆಯುವುದೊಂದೇ ಬಾಕಿ. ಅಷ್ಟರಲ್ಲಿ ಸಂಪಾದಕರು ಕರೆದು "ಕೊನೇ ದಿನ ಹತ್ರ ಬಂತಮ್ಮಾ, ಫೆಲೋಶಿಪ್‌ಗೆ ಅರ್ಜಿ ಹಾಕು. ಲಿಫ್ಟ್ ಎಲ್ಲಿಗೂ ಓಡಿಹೋಗಲ್ಲ" ಅಂದರು. ಅರ್ಜಿಗೆ ಒಂದು ತಿಂಗಳು. ಆಮೇಲೆ ಸಂದರ್ಶನ. ಆಮೇಲೆ ಸಿಕ್ಕೇಬಿಟ್ಟಿತು!

"ಬರೋ ಬೇಸಿಗೆಗೆ ಬಂದುಬಿಡ್ತೀನಿ" ಅಂದೆ.

"ಅಲ್ಲೀವರ್ಗೂ ಮೆಟ್ಟಿಲೇ ಗತಿ ಬಿಡಿ" ಅಂತ ನಕ್ಕರು.

ನಾನೂ ಇಲ್ಲಿ ಎಲ್ಲ ಕಡೆ ಮೆಟ್ಟಿಲೇ ಹತ್ತುವುದು. ತೂಕ ಇಳಿಸುತ್ತಿದ್ದೇನೆ ಅಂತ ಎಲ್ಲರ ಲೆಕ್ಕ.


ಅಕ್ಟೋಬರ್ 8, ಮಧ್ಯಾಹ್ನ 4

ಅಕ್ಷರ ನೋಡಿದರೆ ನನ್ನದೇ ಅನ್ನಿಸುತ್ತಿಲ್ಲ.

ಲೈಬ್ರರಿಯ ಮೂಲೆಯಲ್ಲಿದ್ದೇನೆ. ನೀರು ಕುಡಿದೆ. ಮತ್ತೆ ಕುಡಿದೆ.

ಇದನ್ನು ಇಲ್ಲಿ ಬರೆಯಬಹುದೇ? ದಿನಚರಿ ಕೊಠಡಿಯ ಒಳಗೋ ಹೊರಗೋ? ಗೊತ್ತಿಲ್ಲ. ಬರೆಯದಿದ್ದರೆ ತಲೆ ಸಿಡಿಯುತ್ತದೆ.


ಅದೇ ದಿನ, ಸಂಜೆ

ಮೊದಲಿನಿಂದ.

ಇವತ್ತಿನ ಗೋಷ್ಠಿಯ ಅತಿಥಿ ಕಂಪನಿಗಳ ಪ್ರಚಾರದ ಕೆಲಸ ಮಾಡಿ ನಿವೃತ್ತರಾದವರು. ಬೆಳ್ಳಿ ಕೂದಲು, ಮಾತು ಬೆಣ್ಣೆ. ಐದು ನಿಮಿಷದಲ್ಲಿ ಎಲ್ಲರಿಗೂ ಇಷ್ಟವಾಗಿಬಿಟ್ಟರು. ನನಗೂ. ವಿಷಯ — ಸುದ್ದಿಯನ್ನು ತಡೆಯುವುದು ಹೇಗೆ.

"ಬೆದರಿಸೋದು ದಡ್ಡರ ಕೆಲಸ. ದುಡ್ಡು ಕೊಡೋದು ಇನ್ನೂ ದಡ್ಡತನ. ನೀವು ಮರ್ಯಾದಸ್ಥರು, ಸುದ್ದಿ ಹಾಕೋ ಮುಂಚೆ ನಮಗೆ ಪ್ರಶ್ನೆ ಕಳಿಸ್ತೀರಲ್ಲ, ನಮಗೆ ಗಂಟೆ ಹೊಡೆಯೋದೇ ಅದು. ಆಗ ನಾವು ಆ ವರದಿಗಾರರಿಗೆ ಏನು ಆಸೆ ಅಂತ ನೋಡ್ತೀವಿ." ಒಂದು ಗುಟುಕು ಚಹಾ ಕುಡಿದರು. "ಈ ಬೇಸಿಗೇಲಿ, ನನ್ನ ಕೊನೇ ಕೆಲಸ ಅದು, ಕಂಪನಿ ಹೆಸರು ಬೇಡ, ಒಬ್ಬ ಹೆಣ್ಣುಮಗಳು. ಭಾರೀ ಹಟದವಳು. ಅವಳ ಸಂಪಾದಕರನ್ನ ಊಟಕ್ಕೆ ಕರೆದೆ. ಇಷ್ಟು ಚೆನ್ನಾಗಿ ಕೆಲಸ ಮಾಡೋರನ್ನ ಫೆಲೋಶಿಪ್‌ಗೆ ಕಳಿಸಬಾರದಾ ಅಂದೆ. ಅಷ್ಟೇ! ಒಂದು ವರ್ಷ ಬಾಯಿಗೆ ಬೀಗ. ಬೀಗ ಹಾಕ್ಕೊಂಡಿದ್ದೂ ಅವಳೇ, ನಮಗೆ ಥ್ಯಾಂಕ್ಸ್ ಹೇಳೋಕಾಗಲಿಲ್ಲ, ಪಾಪ."

ಕೊಠಡಿ ತುಂಬ ನಗು. ನಾನೂ ನಕ್ಕೆ. ಚೆನ್ನಾಗಿ, ಗಟ್ಟಿಯಾಗಿ ನಕ್ಕೆ.

"ಸೀಟು ನೀವೇ ಕೊಡಿಸಿದ್ರಾ?" ರೇಡಿಯೊ ಕೇಳಿದ.

"ಛೇ ಛೇ. ಯಾವ ಯೂನಿವರ್ಸಿಟಿಯೋ ನನಗೇ ಗೊತ್ತಿಲ್ಲ, ಅವರಿಗೂ ಏನೂ ಗೊತ್ತಿಲ್ಲ. ಸೀಟು ಅವಳ ಯೋಗ್ಯತೆಗೇ ಸಿಕ್ಕಿದ್ದು. ಈ ಉಪಾಯ ಪ್ರತಿಭಾವಂತರ ಮೇಲೆ ಮಾತ್ರ ನಡೆಯುತ್ತೆ ನೋಡಿ. ದಡ್ಡರಿಗೆ ಸೀಟು ಸಿಗಲ್ಲವಲ್ಲ!"

ಮತ್ತೆ ನಗು.

"ಮೆಟ್ಟಿಲ ಮೇಲೆ ಕೂತು ಕೂತು ಆ ಜನಕ್ಕೆ ಮನೆಯವಳಾಗಿಬಿಟ್ಟಿದ್ಲು. ಮೀಟರ್ ಅಕ್ಕ ಅಂತಿದ್ರಂತೆ."

ನಗು ಅರ್ಧಕ್ಕೇ ನಿಂತದ್ದು ನನ್ನದೊಂದೇ. ಬಾಯಿ ತೆರೆದೇ ಇತ್ತು. ಅವರು ನನ್ನ ಕಡೆಯೇ ನೋಡುತ್ತಿದ್ದರು, ಗುರುತು ಹಿಡಿದಲ್ಲ, ಚೆನ್ನಾಗಿ ನಗುವವಳು ಅಂತ. ಹೊರಡುವಾಗ ಎಲ್ಲರ ಕೈ ಕುಲುಕಿದರು. ನನ್ನದನ್ನೂ. ಕೊಟ್ಟೆ. ಯಾಕೆ ಕೊಟ್ಟೆ?


ಅಕ್ಟೋಬರ್ 9

ಬೆಳಿಗ್ಗೆಯಿಂದ ಒಬ್ಬೊಬ್ಬರ ಮುಖವೂ ಸಪ್ಪೆ. ಕ್ಯಾಂಟೀನಿನಲ್ಲಿ ರೇಡಿಯೊ ಪಕ್ಕಕ್ಕೆ ಕರೆದು ಗುಟ್ಟಾಗಿ ಕೇಳಿದ — ಅವನ ಗುಟ್ಟು ಮೂರು ಮೇಜಿಗೆ ಕೇಳಿಸುತ್ತದೆ — "ನನ್ನನ್ನೂ ಹಾಗೇ ಕಳಿಸಿರಬಹುದಾ? ಅಕ್ಕಿ ಗೋದಾಮಿನ ಕತೆ ಅರ್ಧಕ್ಕೆ ಬಿಟ್ಟು ಬಂದೆ. ನಮ್ಮ ಬಾಸೇ ಅರ್ಜಿ ತುಂಬಿಸಿದ್ದು."

ಕ್ರೀಡಾ ವರದಿಗಾರ್ತಿ ಬಂದಳು. "ನನ್ನ ಯಾರೂ ತಳ್ಳಲಿಲ್ಲ ಕಣ್ರೀ. ಅಂದ್ರೆ ನನ್ನಿಂದ ಯಾರಿಗೂ ಭಯ ಇಲ್ಲ ಅಂತಲ್ವಾ?" ಕಣ್ಣಲ್ಲಿ ನೀರು. ಅಳಬೇಕೋ ನಗಬೇಕೋ.

ಮೀಟರ್ ಅಕ್ಕ ಯಾರು ಅಂತ ಯಾರೂ ಕೇಳಲಿಲ್ಲ. ಎಲ್ಲರಿಗೂ ಅವರವರ ಚಿಂತೆ. ನಾನು ಬಿಸ್ಕತ್ತು ತಿಂದೆ.


ಅಕ್ಟೋಬರ್ 12, ಬೆಳಿಗ್ಗೆ 11

ಸಂಪಾದಕರಿಗೆ ಫೋನ್ ಮಾಡಿದೆ.

"ಸಾರ್, ನನ್ನನ್ನ ಇಲ್ಲಿಗೆ ಕಳಿಸೋ ಯೋಚನೆ ಯಾರದ್ದು?"

"ಯಾರು ಹೇಳಿದ್ರು?"

ಅಷ್ಟು ಸಾಕಾಯಿತು. ಸುಳ್ಳಾಗಿದ್ದರೆ "ಏನಮ್ಮಾ, ತಲೆ ಕೆಟ್ಟಿದೆಯಾ" ಅನ್ನುತ್ತಿದ್ದರು.

"ನೋಡಮ್ಮಾ, ಕಂಪನಿಯ ವಕೀಲರು ಮೊದ್ಲು ಕೋರ್ಟಿಗೆ ಎಳೀತೀವಿ ಅಂದ್ರು. ನಮ್ಮ ಪತ್ರಿಕೆ ಮಾಲೀಕರು ನಿನ್ನನ್ನ ಕೆಲಸ ಬಿಡಿಸಿ ಮನೆಗೆ ಕಳಿಸಿ ಅಂದ್ರು. ಆಗ ಈ ದಾರಿ ಕಾಣಿಸ್ತು. ನಿನ್ನ ಕೆಲಸ ಉಳೀತು, ಓದೋಕೆ ಒಂದು ವರ್ಷ ಸಿಕ್ತು. ನಾನು ನಿಂಗೆ ಕೆಟ್ಟದ್ದು ಮಾಡಿದ್ನಾ?"

"ಲಿಫ್ಟ್ ಸಾರ್?"

"ಅದು... ವಾಪಸ್ ಬಾ, ನೋಡೋಣ."

ಕೆಲಸ ಕಲಿಸಿದವರು. ನನ್ನ ಮೊದಲ ವರದಿಯನ್ನು ಹರಿದುಹಾಕಿ, ಮತ್ತೆ ಬರೆಸಿ, ಮುಖಪುಟಕ್ಕೆ ಹಾಕಿದವರು. ಬೀಳ್ಕೊಡುಗೆಯ ದಿನ ತಲೆಯ ಮೇಲೆ ಕೈಯಿಟ್ಟು ಕಣ್ಣು ಒರೆಸಿಕೊಂಡಿದ್ದರು. ಹೆಮ್ಮೆ ಅಂದುಕೊಂಡಿದ್ದೆ.

ಸಿಟ್ಟು ಬರಬೇಕು. ಬರುತ್ತಿಲ್ಲ. ಕಪಾಳಕ್ಕೆ ಬಿದ್ದ ಮೇಲೆ ಕಿವಿ ಗುಂಯ್ ಅನ್ನುತ್ತದಲ್ಲ, ಅಷ್ಟೇ ಇನ್ನೂ.


ಅಕ್ಟೋಬರ್ 30

ಬರೆಯಲಿಲ್ಲ. ಕ್ಲಾಸಿಗೂ ಹೋಗಲಿಲ್ಲ. ನನಗೆ ಜ್ವರ ಅಂತ ಗಂಡನ ಹತ್ತಿರ ಅಂದೆ. ಹಣೆ ಮುಟ್ಟಿ ನೋಡಿದ, ಗಂಜಿ ಕಾಯಿಸಲು ಹೋದ. ನನಗೋಸ್ಕರ ಒಂದು ವರ್ಷ ರಜೆ ಹಾಕಿ ಜೊತೆಗೆ ಬಂದಿದ್ದಾನೆ. ಮಗಳು ಹೊಸ ಶಾಲೆಯಲ್ಲಿ ಈಗಷ್ಟೇ ನಗಲು ಶುರು ಮಾಡಿದ್ದಾಳೆ. ಯಾವ ಬಾಯಲ್ಲಿ ಹೇಳಲಿ?

ಇವತ್ತು ದರ್ಜಿಯಮ್ಮ. ಹೊಲಿಗೆ ಯಂತ್ರದ ಸದ್ದಿಲ್ಲ.

"ಅಕ್ಕಾ, ನಿನ್ನೆ ಮೂರನೇ ಮಹಡಿ ಅಜ್ಜ... ಬಾಗಿಲು ತೆಗೀತು. ಅವರ ಕೈಚೀಲ ಒಳಗೆ ಹೋಯ್ತು, ಅವರನ್ನ ನಮ್ಮೆಜಮಾನ್ರು ಅಂಗಿ ಹಿಡಿದು ಎಳೆದ್ರು. ಚೀಲ ಕೆಳಗೆ ಬಿದ್ದ ಸದ್ದು ನಂಗಿನ್ನೂ ಕೇಳಿಸ್ತಿದೆ. ನೀವು ಬರಲ್ವಾ?"

ಬರಲ್ವಾ. ಏನು ಹೇಳಲಿ? ಇಲ್ಲಿ ನಗರಗಳ ಇತಿಹಾಸ ಓದುತ್ತಿದ್ದೇನೆ ಅಂತಲೇ?

ನಾನು ಪ್ರಕಟಿಸುವಂತಿಲ್ಲ. ಸರಿ. ಬೇರೆಯವರು ಪ್ರಕಟಿಸಬಹುದಲ್ಲ. ಗಿಡುಗನಿಗೆ ಫೋನ್ ಮಾಡಿದೆ. ಎದುರಾಳಿ ಪತ್ರಿಕೆಯವನು. ಹತ್ತು ವರ್ಷದಿಂದ ನನ್ನ ಬಾಯಿಂದ ಸುದ್ದಿ ಕಸಿದವನು, ಅವನಿಗೇ ಕರೆದು ಕೊಡುವ ಗತಿ ಬಂತು. ನನ್ನ ಬಳಿ ಇದ್ದದ್ದೆಲ್ಲ ಕಳಿಸಿದೆ. ವರದಿಯ ಮೇಲಿನ ಹೆಸರು, ಬೈಲೈನ್, ಅವನದೇ. ಕಳಿಸುವಾಗ ಹೊಟ್ಟೆ ಉರಿಯಿತು, ನಿಜ.

"ನಿಮಗೇನು ಹುಷಾರಿಲ್ವಾ?" ಅಂದ.

"ಇಲ್ಲ" ಅಂದೆ. ಕೊಠಡಿಯ ಮಾತು ಹೇಳಲಿಲ್ಲ.


ನವೆಂಬರ್ 6

ಗಿಡುಗ ಚುರುಕಾಗಿದ್ದಾನೆ. ಕಟ್ಟಡಕ್ಕೆ ಹೋಗಿಬಂದನಂತೆ. ಅವನನ್ನು ಆಗಲೇ ಮೀಟರ್ ಅಣ್ಣ ಅನ್ನುತ್ತಿದ್ದಾರಂತೆ. ನಾನು ಬಿಟ್ಟಿದ್ದ ಇನ್ನೂ ಎರಡು ಕಟ್ಟಡ ಹುಡುಕಿದ್ದಾನೆ, ಕಳ್ಳ! "ಕಂಪನಿಗೆ ಇವತ್ತು ಪ್ರಶ್ನೆ ಕಳಿಸ್ದೆ. ಉತ್ತರ ಬಂದ್ರೂ ಬರದಿದ್ರೂ ಸುದ್ದಿ ಹೋಗುತ್ತೆ" ಅಂದ.

ಪ್ರಶ್ನೆ ಅಂದ ಕೂಡಲೇ ಆ ಅತಿಥಿಯ ಗಂಟೆಯ ಮಾತು ನೆನಪಾಯಿತು. ಕಳಿಸಬೇಡ ಅನ್ನಲಾದೀತೇ? ಕಳಿಸಲೇಬೇಕು. ನಾನಾದರೂ ಕಳಿಸುತ್ತಿದ್ದೆ.

ಆದರೂ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.


ನವೆಂಬರ್ 19, ಮಧ್ಯಾಹ್ನ 1

ಗಿಡುಗನ ಫೋನ್. ದನಿ ಆಕಾಶದಲ್ಲಿದೆ.

"ಮೇಡಂ, ಕೂತಿದೀರಾ? ಕೂತ್ಕೊಳ್ಳಿ. ನಂಗೂ ಸಿಕ್ತು!"

"ಏನು?"

"ಫೆಲೋಶಿಪ್! ನಿಮ್ದಲ್ಲ, ಬೇರೆ ಯೂನಿವರ್ಸಿಟಿ. ಯಾರೋ ಒಬ್ರು ಕೊನೇ ಗಳಿಗೇಲಿ ಬಿಟ್ರಂತೆ, ನಮ್ಮ ಸಂಪಾದಕರೇ ಓಡಾಡಿ ಅರ್ಜಿ ಹಾಕಿಸಿದ್ರು. ಮೊನ್ನೆ ಸಂದರ್ಶನ, ಇವತ್ತು ಫೋನ್ ಬಂತು! ಜನವರಿಯಿಂದ. ನಮ್ಮಪ್ಪ ಅತ್ತೇಬಿಟ್ರು ಮೇಡಂ. ಅಲ್ಲಿ ಚಳಿ ಜಾಸ್ತೀನಾ? ಫ್ಯಾಮಿಲಿ ಕರ್ಕೊಂಡು ಹೋಗ್ಬಹುದಾ?"

ಅವಕ್ಕೆಲ್ಲ ಉತ್ತರ ಕೊಡುವ ಬದಲು ನಾನೇ ಕೇಳಿದೆ.

"ಲಿಫ್ಟ್?"

"ಅದಾ... ಸಂಪಾದಕರು ಸ್ವಲ್ಪ ತಡೀ ಅಂದ್ರು. ಅರ್ಜಿ ಕೆಲಸ ಇತ್ತಲ್ಲ. ವಾಪಸ್ ಬಂದ್ಮೇಲೆ ಇಬ್ರೂ ಸೇರಿ ಮಾಡೋಣ. ಎಲ್ಲಿಗೂ ಓಡಿಹೋಗಲ್ಲವಲ್ಲ ಲಿಫ್ಟ್!"

ಅವನು ನಗುತ್ತಿದ್ದ. ಹೇಳಬೇಕಿತ್ತು. ಆ ಬೆಳ್ಳಿ ಕೂದಲಿನವರು ನಿವೃತ್ತರಾದರೂ ಅವರ ಉಪಾಯ ಇನ್ನೂ ಕೆಲಸ ಮಾಡುತ್ತಿದೆ ಅಂತ ಹೇಳಬೇಕಿತ್ತು. ಹೇಳಿದರೆ ಕೊಠಡಿಯ ಮಾತು ಮೀರಿದ ಹಾಗೆ. ನನ್ನನ್ನು ನಂಬಿ ಮಾತಾಡಿದವರನ್ನು ಒಂದು ಸಲವೂ ಬಿಟ್ಟುಕೊಟ್ಟವಳಲ್ಲ ನಾನು. ಅದೊಂದೇ ನನ್ನ ಆಸ್ತಿ ಅಂದುಕೊಂಡಿದ್ದೆ. ಆ ಮನುಷ್ಯನಿಗೆ ಇದೂ ಗೊತ್ತಿತ್ತು. ಅದಕ್ಕೇ ಅಷ್ಟು ನಿಶ್ಚಿಂತೆಯಿಂದ ಚಹಾ ಕುಡಿದ.

"ಅಭಿನಂದನೆ" ಅಂದೆ.

ನನ್ನ ಬಾಯಿಂದಲೇ ಬಂತು ಆ ಮಾತು.


ನವೆಂಬರ್ 20

ಗಂಡನಿಗೆ ಹೇಳಿದೆ. ಎಲ್ಲ. ಕೊಠಡಿಯ ಮಾತು ನಾನು ದಾಟಿಸಿದ್ದು ಇವನೊಬ್ಬನಿಗೇ. ಬಟ್ಟೆ ಮಡಿಸುತ್ತಿದ್ದವನು ಕೈಯಲ್ಲಿದ್ದ ಅಂಗಿ ಕೆಳಗಿಟ್ಟ.

"ಅಂದ್ರೆ ನನ್ನ ರಜೆ ಮಂಜೂರು ಮಾಡಿದ್ದೂ ಅವರೇನಾ?" ಅಂದ. ನಗಲಿಲ್ಲ. ಆಮೇಲೆ "ಆ ಕೊಠಡೀಲಿ ಕೇಳಿದ್ದು ಅವರ ಮಾತು. ಮೆಟ್ಟಿಲ ಮೇಲೆ ಕೇಳಿದ್ದು ಯಾರದ್ದೇ?"

ಮೆಟ್ಟಿಲ ಮೇಲಿನದು ನನ್ನದು. ಅದನ್ನು ಯಾರೂ ಗುಟ್ಟು ಅಂತ ಹೇಳಿಲ್ಲ. ಬರೀರಿ ಅಂತಲೇ ಹೇಳಿದ್ದು.

ಫೆಲೋಶಿಪ್ ನೋಡಿಕೊಳ್ಳುವ ಮೇಡಂ ಹತ್ತಿರ ಹೋದೆ. ಒಂದು ವರದಿ ಪ್ರಕಟಿಸುತ್ತೇನೆ ಅಂದೆ. ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅವತ್ತು ನೀವು ನಗ್ತಾ ನಗ್ತಾ ನಿಲ್ಲಿಸಿದ್ದು ನೋಡಿದೆ" ಅಂದರು. ಮತ್ತೆ, ಮೆತ್ತಗೆ: "ನಿಯಮ ಬದಲಾಯಿಸೋಕೆ ನನ್ನಿಂದ ಆಗಲ್ಲ. ಪ್ರಕಟವಾದ ದಿನ ಯೂನಿವರ್ಸಿಟಿ ಕೊಟ್ಟ ಮನೆ ಬಿಡಬೇಕಾಗುತ್ತೆ."

ಪತ್ರಿಕೆಯ ಕೆಲಸವೂ ಹೋಗುತ್ತದೆ. ಹಳೆಯ ಗೆಳತಿಯೊಬ್ಬಳು ಪುಟ್ಟ ವೆಬ್‌ಸೈಟ್ ನಡೆಸುತ್ತಾಳೆ. "ನಾಳೆ ಮಧ್ಯಾಹ್ನದೊಳಗೆ ಕಳಿಸು. ಕೋರ್ಟು ಗೀರ್ಟು ಆಮೇಲೆ ನೋಡ್ಕೊಳ್ಳೋಣ" ಅಂದಳು. ಕಂಪನಿಗೆ ಹೊಸದಾಗಿ ಪ್ರಶ್ನೆ ಕಳಿಸಬೇಕಿಲ್ಲ. ಎರಡು ಸಲ ಕೇಳಿಯಾಗಿದೆ. ಎರಡು ಸಲವೂ ಉತ್ತರ ಕೊಟ್ಟಿದ್ದಾರೆ, ಅವರದೇ ರೀತಿಯಲ್ಲಿ.

ಮಗಳಿಗೆ ಇನ್ನೂ ಹೇಳಿಲ್ಲ. ಅಮ್ಮನಿಗೂ. ಎದುರು ಮನೆಯವರ ಬಾಯಿ ಮತ್ತೆ ತೆರೆಯುತ್ತದೆ.


ನವೆಂಬರ್ 21, ಬೆಳಿಗ್ಗೆ

ಲ್ಯಾಪ್‌ಟಾಪ್ ಮಗಳ ಹತ್ತಿರ, ಹೋಮ್‌ವರ್ಕ್. ಕೇಳಲು ಮನಸ್ಸಾಗಲಿಲ್ಲ. ಈ ದಿನಚರಿಯಲ್ಲೇ ಶುರು ಮಾಡುತ್ತೇನೆ. ಒಳಗೆ ಗಂಡ ಪೆಟ್ಟಿಗೆ ಎಳೆಯುವ ಸದ್ದು.

ದರ್ಜಿಯಮ್ಮನಿಗೆ ಈಗ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಮೆಟ್ಟಿಲಲ್ಲಿರಬೇಕು. ಮೆಟ್ಟಿಲಲ್ಲೇ ಇರಲಿ, ದೇವರೇ.

ಬರೆ. ಮೊದಲ ಸಾಲು.

ಆರನೇ ಮಹಡಿಯಲ್ಲಿ ಒಬ್ಬರು ದರ್ಜಿ ಇದ್ದಾರೆ. ಅವರ ಮನೆಯ ಎದುರಿಗೇ ಲಿಫ್ಟ್ ಇದೆ. ಅತ್ತೆ ಬಿದ್ದ ದಿನದಿಂದ ಅವರು ಅದನ್ನು ಹತ್ತಿಲ್ಲ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಗಂಟೆ ಬಾರಿಸುತ್ತದೆ, ಬಾಗಿಲು ತೆರೆಯುತ್ತದೆ, ಒಳಗೆ —