ನಿನ್ನ ಬೆರಳಿನ ಭಾರ

ಅಪ್ಪಾ,

ನಾಡಿದ್ದು ನಿನ್ನ ವರ್ಷದ ತಿಥಿ. ಎಡೆ ಇಡುವಾಗ ನೀನು ನುಡಿಸಿದ ಹಾಡೇ ಕೇಳಿಸಬೇಕೆಂದು, ಆರ್ಕೆಸ್ಟ್ರಾದ ನಿನ್ನ ಕೀಬೋರ್ಡಿನಲ್ಲಿದ್ದ ಪೆನ್‌ಡ್ರೈವ್ ಹಿಡಿದು ಅಮ್ಮ ಇವತ್ತು ಗುಬ್ಬಿಯಿಂದ ಸದಾಶಿವನಗರದ ನಮ್ಮ ಮನೆಗೆ ಬಂದಳು. ಫೋನಿನಲ್ಲಿ ಅದು ಓಡಲಿಲ್ಲವಂತೆ. ಓಡುವುದು ಹೇಗೆ? ಆ ಫೈಲಿನಲ್ಲಿ ದನಿಯೇ ಇಲ್ಲ. ನೀನು ಯಾವ ಕೀ, ಎಷ್ಟು ಹೊತ್ತು, ಎಷ್ಟು ಜೋರಾಗಿ ಒತ್ತಿದೆ ಎಂಬುದಷ್ಟೇ ಇದೆ. ನಾನೇ ಕಂಪ್ಯೂಟರಿನಲ್ಲಿ ಅದಕ್ಕೆ ದನಿ ಕೊಟ್ಟು ಆಡಿಯೋ ಮಾಡಿದೆ.

ಪರದೆಯಲ್ಲಿ ಪ್ರತಿ ಸ್ವರದ ಕೆಳಗೂ ಒಂದು ಕಡ್ಡಿ. ಜೋರಾಗಿ ಒತ್ತಿದಷ್ಟೂ ಅದು ಉದ್ದ. ನಿನ್ನವೆಲ್ಲ ಗಿಡ್ಡ. ಅಷ್ಟು ಮೆತ್ತಗೆ ಮುಟ್ಟುವುದು ನಿನಗೆ ಬರುತ್ತಿತ್ತು.

ಅಮ್ಮ ಹೆಡ್‌ಫೋನನ್ನು ಬಲಗಿವಿಗೆ ಒತ್ತಿಕೊಂಡಳು. ನೀನು ಹೊಡೆದ ದಿನದಿಂದ ಅವಳ ಎಡಗಿವಿ ಕೇಳುವುದಿಲ್ಲ.

"ಎಷ್ಟು ನಯವಾಗಿ ನುಡಿಸವ್ರೆ ನೋಡೇ" ಅಂದಳು.

ಎಲ್ಲಿತ್ತೋ ಸಿಟ್ಟು. ಪೆನ್‌ಡ್ರೈವ್ ಕಿತ್ತು ನೆಲಕ್ಕೆಸೆದು, ಅಡುಗೆಮನೆಯ ಗುಂಡುಕಲ್ಲು ತಂದು ಜಜ್ಜಿದೆ. ಪುಡಿಯಾದ ಮೇಲೂ ಜಜ್ಜಿದೆ.

"ನಿನ್ ಕಿವಿ ಒಡೆದವ್ನ ಕೈ ಕಣಮ್ಮ ಅದು!"

ಅಮ್ಮ ನನ್ನ ಎಡಗೆನ್ನೆಗೆ ಹೊಡೆದಳು. ನಿನ್ನ ಮೇಲೆ ಒಂದು ದಿನವೂ ಎತ್ತದ ಕೈ ಅದು. ಚೂರುಗಳನ್ನು ಸೆರಗಿಗೆ ಆಯ್ದುಕೊಂಡು ಹೊರಟುಹೋದಳು.

ಆಡಿಯೋ ಆಗಲೇ ಕಂಪ್ಯೂಟರಿನಲ್ಲಿ ಸೇವ್ ಆಗಿತ್ತು. ಅವಳಿಗೆ ಹೇಳಲಿಲ್ಲ. ಈಗ ಹೆಡ್‌ಫೋನ್ ಹಾಕಿಕೊಂಡು ಅದನ್ನೇ ಕೇಳುತ್ತಿದ್ದೇನೆ. ಎಡಗಿವಿ ಇನ್ನೂ ಗುಂಯ್ ಅನ್ನುತ್ತಿದೆ. ನಿನ್ನ ಹಾಡು ನನಗೂ ಬಲಗಿವಿಗೆ ಮಾತ್ರ ಕೇಳಿಸುತ್ತಿದೆ.