ಉಳಿದ ನಾಲ್ಕು ಕೋಳಿಗಳು

ಟಾರ್ನೀಟ್, ಮೆಲ್ಬರ್ನ್
16 ಮಾರ್ಚ್ 2025, ಭಾನುವಾರ

ಅವ್ವಾ,

ಮೊದಲಿಗೇ ಹೇಳಿಬಿಡುತ್ತೇನೆ: ಅದು ಹಕ್ಕಿಜ್ವರ ಅಲ್ಲ. ಮೊನ್ನೆ ಶುಕ್ರವಾರ ಕೃಷಿ ಇಲಾಖೆಯಿಂದ ಫೋನ್ ಬಂತು. ಶಂಭುಮಾಮಾ ನಿನಗೆ ಏನೇನು ಹೇಳಿ ಹೆದರಿಸಿದ್ದಾನೋ ಗೊತ್ತಿಲ್ಲ. ಅಜ್ಜಿ ಚೆನ್ನಾಗಿದ್ದಾಳೆ, ನಾನೂ ಚೆನ್ನಾಗಿದ್ದೇನೆ. ನಾಲ್ಕು ಕೋಳಿಗಳು ಬದುಕಿವೆ, ಈ ಸಾಲು ಬರೆಯುವಾಗ ಬೇಲಿಯ ಬುಡ ಕೆದರುತ್ತಿವೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾವಿಬ್ಬರು ಫೋನ್ ಹಿಡಿದರೆ ಮೂರನೇ ಮಾತಿಗೆ ನನ್ನ ಸ್ಕೂಲು ಬರುತ್ತದೆ, ಐದನೇ ಮಾತಿಗೆ ಯಾರಾದರೂ ಒಬ್ಬರು ಕಟ್ ಮಾಡುತ್ತೇವೆ. ಕಾಗದವನ್ನು ನೀನು ಅರ್ಧಕ್ಕೆ ಬಿಟ್ಟರೂ ಉಳಿದದ್ದು ಅಲ್ಲೇ ಇರುತ್ತದೆ.

ಈ ಕೋಳಿಗಳ ಕಥೆ ನಿನಗೆ ಸರಿಯಾಗಿ ಗೊತ್ತಿಲ್ಲ. ಪಕ್ಕದ ಮನೆಯ ಗ್ರೀಕ್ ಆಂಟಿ ಹೋದ ವರ್ಷ ಮನೆ ಮಾರಿ ಹೋಗುವಾಗ ಗೂಡಿನ ಸಮೇತ ಏಳು ಕೋಳಿಗಳನ್ನು ನಮ್ಮ ಅಂಗಳಕ್ಕೆ ದಾಟಿಸಿದಳು. ಜನ್ಮದಲ್ಲಿ ಮೊಟ್ಟೆ ಮುಟ್ಟದ ನಿನ್ನವ್ವ ಅವನ್ನು ಸಾಕಿಕೊಂಡು ಗೌಡ್ತಿ, ಟೀಚರವ್ವ, ಕರೆವ್ವ ಎಂದು ಹೆಸರಿಟ್ಟಳು. ಮೊಟ್ಟೆಗಳು ಬೀದಿಯ ಮನೆಗಳಿಗೆ ಹೋಗುತ್ತವೆ, ನಮ್ಮ ಅಡುಗೆಮನೆಗೆ ಇವತ್ತಿಗೂ ಒಂದೂ ಬಂದಿಲ್ಲ. ನಾನು ಇಲ್ಲಿಗೆ ಬಂದ ಮೇಲೆ ಕಾಳು, ನೀರು, ಗೂಡು ತೊಳೆಯುವುದು ಎಲ್ಲ ನನ್ನ ಪಾಲಿಗೆ ಬಂತು. "ಸಾಲಿ ಬಿಟ್ಟಿ, ಇನ್ನ ಕೋಳಿ ಕಾಯಿ" ಎಂದು ಮಾಮಾ ನಕ್ಕ. ನನಗೆ ಬೇಸರವೇನೂ ಆಗಲಿಲ್ಲ. ನನಗೆ ಆ ಕೆಲಸ ಇಷ್ಟ.

ಹೋದ ಭಾನುವಾರ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಗೌಡ್ತಿ ಕಾಲು ಚಾಚಿ ಬಿದ್ದಿದ್ದಳು. ಮೈಮೇಲೆ ಗಾಯವಿಲ್ಲ, ನರಿ ಬಂದ ಗುರುತಿಲ್ಲ. ಮಧ್ಯಾಹ್ನ ಟೀಚರವ್ವ ತೂರಾಡುತ್ತಾ ಎರಡು ಸುತ್ತು ಹಾಕಿ ನನ್ನ ಕಣ್ಣೆದುರೇ ಒರಗಿದಳು. ಸೋಮವಾರ ಕರೆವ್ವ.

ಮಾಮಾ ಸಲಿಕೆ ತಂದ. "ನಿಂಬಿಗಿಡದ ಬುಡಕ ಹುಗದು ಸುಮ್ಮನಿರೂಣು. ಇಲಾಖೆ ಮಂದಿ ಬಂದ್ರ ಉಳದ ನಾಲ್ಕೂ ಕೊಲ್ತಾರ, ಓಣಿ ಮಂದಿ ಕೋಳೀನೂ ಬಿಡಂಗಿಲ್ಲ. ಆಮ್ಯಾಲೆ ಈ ಸಬರ್ಬ್‌ನಾಗ ನಾವು ಮುಖ ತೋರಸೂದು ಹ್ಯಾಂಗ?" ಎಂದ. ಅವನ ಹೆದರಿಕೆ ಸುಳ್ಳಲ್ಲ. ಈಚೆಗೆ ಸುದ್ದಿಯಲ್ಲೆಲ್ಲ ಹಕ್ಕಿಜ್ವರವೇ. ಅದೇ ರೋಗವಾದರೆ ಜೀವ ಇರುವವನ್ನೂ ಉಳಿಸುವುದಿಲ್ಲ. ಅಜ್ಜಿ ನನ್ನ ಮುಖ ನೋಡಿದಳು.

ಆದರೆ ನಮ್ಮ ಮೊಟ್ಟೆ ತಿನ್ನುವ ಮನೆಗಳಲ್ಲಿ ಮಕ್ಕಳಿದ್ದಾರೆ. ನಾನು ಗ್ಯಾರೇಜಿಗೆ ಹೋಗಿ ಪ್ರಾಣಿರೋಗದ ತುರ್ತು ನಂಬರಿಗೆ ಫೋನ್ ಮಾಡಿದೆ. "ನಿಮ್ಮವ್ವ ನಿನ್ನ ಇಲ್ಲಿಗ್ಯಾಕ ಸಾಗಹಾಕಿದ್ಳಂತ ಈಗ ತಿಳೀತು ನೋಡು" ಎಂದ ಮಾಮಾ. ನಾನೂ ತಿರುಗಿ ಒಂದು ಮಾತು ಆಡಿದೆ. ಇಲ್ಲಿ ಬರೆಯುವಂಥದ್ದಲ್ಲ. ಆಮೇಲೆ ಎಂಟು ಮನೆಗಳ ಬಾಗಿಲು ತಟ್ಟಿ, ಮೊಟ್ಟೆ ತಿನ್ನಬೇಡಿ ಎಂದು ಹೇಳಿ ಬಂದೆ. ಒಂದು ಮನೆಯವರು ಮಾತು ಮುಗಿಯುವ ಮೊದಲೇ ಬಾಗಿಲು ಹಾಕಿಕೊಂಡರು.

ಮೈತುಂಬ ಬಿಳಿ ಅಂಗಿ ತೊಟ್ಟು ಬಂದ ಇಲಾಖೆಯ ವೆಟ್ ಡಾಕ್ಟರ್ ಮೂರು ಕೋಳಿಗಳನ್ನು ಚೀಲದಲ್ಲಿ ಒಯ್ದಳು. ಆಮೇಲಿನ ನಾಲ್ಕು ದಿನ ಅಜ್ಜಿ ಲಿಂಗಪೂಜೆ ಮುಗಿಸಿದವಳೇ ಗೂಡಿನ ಎದುರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ತಟ್ಟೆಯಲ್ಲಿ ಅರ್ಧ ರೊಟ್ಟಿ ಹಾಗೇ ಉಳಿಯುತ್ತಿತ್ತು. ನಾನು ಫೋನ್ ಮಾಡಿದ್ದು ತಪ್ಪಾಯಿತೇ ಎಂದು ದಿನಕ್ಕೆ ಹತ್ತು ಸಲ ಅನ್ನಿಸಿತು.

ಶುಕ್ರವಾರ ವೆಟ್ ಫೋನ್ ಮಾಡಿ ರೋಗವಿಲ್ಲ ಎಂದಳು. ನನಗೆ ನಗು ಬಂತು, ನಿಲ್ಲಲಿಲ್ಲ. ನನ್ನ ನಗು ಮುಗಿದ ಮೇಲೆ ಅವಳು ಹೇಳಿದಳು: ಸತ್ತದ್ದು ಉಪ್ಪಿನಿಂದ. ಉಪ್ಪು ಏರಿ ಹೊಟ್ಟೆಯೊಳಗೆ ನೀರು ಕಟ್ಟಿಕೊಂಡಿತ್ತಂತೆ, ಕೋಳಿಗಳ ಕೊರಳಿನ ಕಾಳುಚೀಲದಲ್ಲಿ ಮೆಣಸಿನ ಬೀಜ ಸಿಕ್ಕಿತಂತೆ. ಹಕ್ಕಿಗಳಿಗೆ ಖಾರ ಹತ್ತುವುದೇ ಇಲ್ಲ, ಮೆಣಸಿನಕಾಯಿ ಹಾಕಿದವರು ಯಾರು ಎಂದು ಕೇಳಿದಳು.

ತೌಡಿನ ಬಕೆಟ್ಟಿನ ತಳದಲ್ಲಿ ಮೆಣಸಿನ ತೊಟ್ಟುಗಳಿದ್ದವು. ಅಡುಗೆಮನೆಯಲ್ಲಿ ನಿನ್ನ ಡಬ್ಬಿ ತೊಳೆದು ಬೋರಲು ಹಾಕಿತ್ತು.

ಹೌದು ಅವ್ವಾ, ನೀನು ಜನವರಿ ಕೊನೆಯಲ್ಲಿ ಉಪ್ಪುಮಜ್ಜಿಗೆಯಲ್ಲಿ ನೆನೆಸಿ, ಸಿಡ್ನಿಯ ಹ್ಯಾರಿಸ್ ಪಾರ್ಕಿನ ಬಾಲ್ಕನಿಯಲ್ಲಿ ಒಣಗಿಸಿ, ಸುಧನ್ವ ಅಂಕಲ್ ಕಾರಿನಲ್ಲಿ ಕಳಿಸಿದ ಬಾಳಕದ ಮೆಣಸಿನಕಾಯಿ. ಅಜ್ಜಿ ಕರಿದು ಕೊಟ್ಟ ದಿನ ಒಂದು ತುಂಡು ಕಚ್ಚಿ ಮಾಮಾ ಎರಡು ಲೋಟ ಮಜ್ಜಿಗೆ ಕುಡಿದ. ಅಷ್ಟು ಉಪ್ಪು. ನಿನಗೆ ತಿಳಿಸುವುದು ಬೇಡ ಎಂದು ಎಲ್ಲರೂ ಒಪ್ಪಿದೆವು. ಮಗಳು ಮಾಡಿ ಕಳಿಸಿದ್ದನ್ನು ಬಿನ್ನಿಗೆ ಹಾಕಲು ಅಜ್ಜಿಗೆ ಮನಸ್ಸಾಗಲಿಲ್ಲ. ಗೌಡ್ತಿ ಸಾಯುವ ಹಿಂದಿನ ದಿನ, ಶನಿವಾರ, ಅಷ್ಟನ್ನೂ ಕುಟ್ಟಿ ತೌಡಿನಲ್ಲಿ ಕಲಸಿ ಕೋಳಿಗಳಿಗೆ ಹಾಕಿದ್ದಾಳೆ. ಅವು ಖುಷಿಯಿಂದ ತಿಂದಿರಬೇಕು.

ಇನ್ನು ನನ್ನ ತಪ್ಪು. ಕುಡಿಯಲು ನೀರು ಇದ್ದಿದ್ದರೆ ಬಹುಶಃ ಉಳಿಯುತ್ತಿದ್ದವು ಎಂದಳು ವೆಟ್. ಆ ಶನಿವಾರ ನಾನು ಬೋಗುಣಿ ತುಂಬಿಸಲೇ ಇಲ್ಲ. ಬೆಳಿಗ್ಗೆ ಏಳರ ರೈಲಿಗೆ ಸಿಟಿಗೆ ಹೋಗಿ, ಸಂಜೆಯವರೆಗೆ ಟ್ರಾಮಿನಲ್ಲಿ ಆ ತುದಿಯಿಂದ ಈ ತುದಿಗೆ ತಿರುಗಿದೆ. ಕಾರಣ ಇಲ್ಲ. ಕಾಲು ಒಂದು ಕಡೆ ನಿಲ್ಲಲಿಲ್ಲ, ಅಷ್ಟೆ. ಇದನ್ನು ವೆಟ್‌ಗೆ ಹೇಳಿದೆ, ಮಾಮಾನಿಗೂ ಹೇಳಿದೆ. ಬೈಯುತ್ತಾನೆ ಎಂದು ಕಾದರೆ ಅವನು ಕಾರಿನ ಕೀ ತೆಗೆದುಕೊಂಡು "ನಡೀ, ದೊಡ್ಡ ಬೋಗುಣಿ ತರೂಣು" ಎಂದ. ದಾರಿಯಲ್ಲಿ, ಮುಂದೆ ನೋಡುತ್ತಲೇ, "ಫೋನ್ ಮಾಡಿದ್ದು ಛಲೋ ಆತು" ಎಂದ.

ಅಜ್ಜಿಗೆ ನೀರಿನ ವಿಷಯ ಮಾತ್ರ ಹೇಳಿದ್ದೇನೆ, ಉಪ್ಪಿನದು ಹೇಳಿಲ್ಲ. ಮುಚ್ಚಿಡುವುದು ನನಗೆ ಬರುವುದಿಲ್ಲ ಎಂದು ನಿನಗೆ ಗೊತ್ತು. ಆದರೂ ಇದೊಂದನ್ನು ನುಂಗಿಕೊಂಡಿದ್ದೇನೆ. ಎಂಬತ್ತು ದಾಟಿದ ಜೀವ, ತನ್ನ ಕೈಯಿಂದಲೇ ಹೀಗಾಯಿತು ಎಂದು ತಿಳಿದರೆ ಅರ್ಧ ರೊಟ್ಟಿಯೂ ಇಳಿಯಲಿಕ್ಕಿಲ್ಲ. ನೀನೂ ಬಾಯಿಬಿಡಬೇಡ.

ನಿನ್ನ ಮಗಳು,
ನೀಲಾಂಬಿಕಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅಜ್ಜಿ ಬಂದು, ಏನು ಬರೆದೆ ಓದು ಎಂದಳು. ಉಪ್ಪಿನ ಭಾಗ ಹಾರಿಸಲು ನೋಡಿದೆ, ಆಗಲಿಲ್ಲ. ಎಲ್ಲ ಓದಿಬಿಟ್ಟೆ. ಅಜ್ಜಿ ಸೆರಗಿನ ಅಂಚು ಮಡಚಿದಳು. "ಬ್ಯಾನಿ ಅಲ್ಲಲ್ಲ, ನಾಲ್ಕು ಉಳದಾವಲ್ಲ" ಎಂದಳು. ಆಮೇಲೆ, ನಾನು ಸಾಲಿ ಒಲ್ಲೆ ಅಂದದ್ದು ಯಾವಾಗ ಎಂದು ಕೇಳಿದಳು. ಜನವರಿ ಕೊನೆಯ ವಾರ ಎಂದೆ. "ನಿಮ್ಮವ್ವ ಹೇಮಾ ಸಣ್ಣಾಕಿ ಇದ್ದಾಗಿಂದ ಹಂಗ. ಅಳಕೋತ ಅಡಗಿ ಮಾಡಿದ್ಳಂದ್ರ ಉಪ್ಪು ಹಾಕಿದ್ದು ಮರತು ಮತ್ತ ಹಾಕ್ತಾಳ."

ಅವ್ವಾ, ನಾನು ಸ್ಕೂಲಿಗೆ ತಿರುಗಿ ಹೋಗುವುದಿಲ್ಲ, ಅದು ಬದಲಾಗುವುದಿಲ್ಲ. ಆದರೆ ಆ ವಾರ ನೀನು ಅಡುಗೆಮನೆಯ ಬಾಗಿಲು ಮುಚ್ಚಿಕೊಂಡಿದ್ದನ್ನು ನಾನು ಬರೀ ಕೋಪ ಅಂದುಕೊಂಡಿದ್ದೆ.